ಬೆವರುಸಾಲೆಗೆ ಮಣ್ಣು ಹಚ್ಚುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿಸಿಲು ಜಾಸ್ತಿ ಆದಾಗಿಂದ ಗುಂಪಿನಲ್ಲಿ ಬೆವರುಸಾಲೆಯದೇ ಮಾತು. ಹುತ್ತದ ಮಣ್ಣು ಹಚ್ಚಬಹುದಾ ಅಂತ ಕೆಲವರು ಕೇಳಿದ್ದೀರಿ. ಹಚ್ಚಬಹುದು, ಆದರೆ ತಂದ ಹಾಗೇ ಬೇಡ. (ಹುತ್ತ ಕೆದಕಿ ಒಳಗಿರುವವರನ್ನು ಎಬ್ಬಿಸಲೂ ಬೇಡಿ!)

ಪ್ರಕೃತಿ ಚಿಕಿತ್ಸೆಯವರು ಮೇಲ್ಮಣ್ಣು ಬಿಟ್ಟು 3-4 ಅಡಿ ಕೆಳಗಿನ, ಗೊಬ್ಬರ ಬೀಳದ ಜಾಗದ ಮಣ್ಣನ್ನು ತೆಗೆಯುತ್ತಾರೆ. ಕಲ್ಲು, ಬೇರು ಆರಿಸಿ, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು ನೆನೆಸುತ್ತಾರೆ. ಬೆರಳಲ್ಲಿ ಉಜ್ಜಿದರೆ ಬೆಣ್ಣೆಯಂತೆ ಜಾರಬೇಕು. ಮರಳು ಸಿಕ್ಕರೆ ಗುಳ್ಳೆ ಕಿತ್ತು ಇನ್ನಷ್ಟು ಉರಿ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವರಿಗೆ ಅಂಗಡಿಯ ಮುಲ್ತಾನಿ ಮಿಟ್ಟಿ ಸಾಕು.

ಒದ್ದೆ ಮಣ್ಣಿನ ನೀರು ಆವಿಯಾಗುವಾಗಲೇ ಮೈಗೆ ತಂಪು. ಹಾಗಾಗಿ ಬಿರುಕು ಬಿಡುವ ತನಕ ಕಾಯಬೇಡಿ, ಚರ್ಮ ಬಿಗಿದು ತುರಿಕೆ ಹೆಚ್ಚುತ್ತದೆ. ಅರ್ಧ ಒಣಗಿದಾಗಲೇ ತಣ್ಣೀರು ಚಿಮುಕಿಸಿ ತೊಳೆಯಿರಿ. ಉಗುರಲ್ಲಿ ಕೆರೆಯಬೇಡಿ.

ಗಾಯ, ಒಡೆದ ಗುಳ್ಳೆ ಮೇಲೆ ಮಣ್ಣು ಬೇಡವೇ ಬೇಡ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ಇರುತ್ತದೆ. ಎಳೆ ಕೂಸುಗಳಿಗೂ ಬೇಡ, ತೆಳು ಹತ್ತಿ ಬಟ್ಟೆ, ಗಾಳಿ ಸಾಕು. ಜ್ವರ ಬಂದರೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ. ಗುಂಪಿಗೆ ಫೋಟೊ ಹಾಕಿ ಕೇಳುವುದು ಆಮೇಲೆ.