ನಾನು ಯಾರ ಮುಂದೆಯೂ ಕೈಚಾಚಿಲ್ಲ, ಅಪ್ಪ

ತೀರ್ಥರೂಪ ಅಪ್ಪನಿಗೆ ಸುಧಾ ಮಾಡುವ ನಮಸ್ಕಾರಗಳು. ನಾನು ಆರಾಮಾಗಿದ್ದೇನೆ. ಅಜ್ಜಿ, ಅಕ್ಕ, ಪುಟ್ಟಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ನಿಮ್ಮ ಪತ್ರ ಬಂತು. ‘ಸುಧಾ ಅಮೆರಿಕದಲ್ಲಿ ಜನರ ಹತ್ತಿರ ದುಡ್ಡು ಕೇಳ್ತಿದ್ದಾಳೆ’ ಅಂತ ಮಾವ ಹೇಳಿದರಂತೆ. ನೀವು ಅದನ್ನು ನಂಬಿ ಅಮ್ಮನ ಕಣ್ಣಿನ ಆಪರೇಷನ್ ಮುಂದಕ್ಕೆ ಹಾಕಿದಿರಂತೆ. ಇದೇನಪ್ಪ! ಸಂಬಳ ಸರಿಯಾಗಿ ಬರುತ್ತಿದೆ. ಕೆಲಸಕ್ಕೆ ಏನೂ ಆಗಿಲ್ಲ. ನನ್ನ ವೀಸಾ ಈ ಶಾಲೆಯ ಕೆಲಸಕ್ಕೇ ಅಂಟಿಕೊಂಡಿದೆ, ಕೆಲಸ ಹೋಗಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲೇ ಇರುತ್ತಿದ್ದೆ, ಅಲ್ವಾ?

ಮಾವ ನೋಡಿದ್ದು ನನ್ನ ಕ್ಲಾಸಿನ ಅರ್ಜಿ. ಮೈಕ್ರೋಸ್ಕೋಪಿಗೆ ಹಾಕಿದ್ದು. ಇಲ್ಲಿ ಸರ್ಕಾರಿ ಶಾಲೆಯ ದುಡ್ಡಿನ ದೊಡ್ಡ ಪಾಲು ಆಯಾ ಊರಿನ ಮನೆ, ಜಾಗದ ತೆರಿಗೆಯಿಂದ ಬರುತ್ತದೆ. ದೊಡ್ಡ ಮನೆಗಳಿರುವ ಕಡೆ ಶಾಲೆಯೂ ದೊಡ್ಡದು. ನಮ್ಮದು ಅಂಥ ಕಡೆ ಅಲ್ಲ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಕೇಂದ್ರದಿಂದ 1965ರ ಕಾನೂನಿನಂತೆ ‘ಟೈಟಲ್ ಒನ್’ ಹಣ ಬರುತ್ತದೆ. ಆದರೆ ಅದು ನನ್ನ ಪ್ರಯೋಗದ ಮೇಜಿನ ತನಕ ಬರುವುದಿಲ್ಲ. ಅದಕ್ಕೇ ಟೀಚರುಗಳು ಅರ್ಜಿ ಬರೆಯುತ್ತಾರೆ. ಎಲ್ಲರೂ ಬರೆಯುತ್ತಾರೆ. ಸ್ಟಾಫ್ ರೂಮಿನಲ್ಲಿ ಮಾತೆಲ್ಲ ಅದೇ.

ನಾನು ಹಾಕಿದ್ದು ಡೋನರ್ಸ್‌ಚೂಸ್ ಅನ್ನುವ ವೆಬ್‌ಸೈಟಿನಲ್ಲಿ, ಟೀಚರುಗಳು ಬೇಕಾದ ಸಾಮಾನು ಬರೆದರೆ ಜನ ಅದಕ್ಕೆ ದುಡ್ಡು ಹಾಕುತ್ತಾರೆ. 2000ದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಚಾರ್ಲ್ಸ್ ಬೆಸ್ಟ್ ಅನ್ನುವ ಮೇಷ್ಟ್ರೇ ಶುರು ಮಾಡಿದ್ದು. ಜೊತೆಯ ಟೀಚರುಗಳ ಕೈಲಿ ಅರ್ಜಿ ಬರೆಸಿ, ಮೊದಮೊದಲು ಗುಟ್ಟಾಗಿ ತಾವೇ ದುಡ್ಡು ಹಾಕಿದರಂತೆ. ಇಲ್ಲಿ ದುಡ್ಡು ನನ್ನ ಕೈಗೆ ಬರುವುದೇ ಇಲ್ಲ, ಅಪ್ಪ. ಕೇಳಿದ ಸಾಮಾನನ್ನು ಅವರೇ ಕೊಂಡು ಶಾಲೆಗೆ ಕಳಿಸುತ್ತಾರೆ. ಮಾವನಿಗೆ ಇದನ್ನು ಎರಡು ಸಲ ಓದಿ ಹೇಳಿ.

ಬೇರೆ ಸಂಸ್ಥೆಗಳು ಸುಲಭಕ್ಕೆ ಬಗ್ಗುವುದಿಲ್ಲ. ‘ನಮ್ಮದು ಬಡ ಶಾಲೆ, ಸಹಾಯ ಮಾಡಿ’ ಅಂದರೆ ತಿರುಗಿಯೂ ನೋಡುವುದಿಲ್ಲ. ಎಷ್ಟು ಮಕ್ಕಳು, ಯಾವ ಪಾಠ, ಈ ವಸ್ತು ಬಂದರೆ ಮಗುವಿಗೆ ಇವತ್ತು ಆಗದ್ದು ನಾಳೆ ಏನು ಆಗುತ್ತದೆ, ಕಲಿತಿದೆ ಅಂತ ಹೇಗೆ ಗೊತ್ತಾಗುತ್ತದೆ, ಸಾಗಣೆ ಖರ್ಚು ಸೇರಿ ಎಷ್ಟು, ಪ್ರಿನ್ಸಿಪಾಲರ ಒಪ್ಪಿಗೆ ಇದೆಯಾ, ಎಲ್ಲ ಬೇಕು. ಒಂದು ಕಡೆಯಿಂದ ನನ್ನ ಅರ್ಜಿ ವಾಪಸ್ ಬಂತು. ‘ನಮ್ಮ ಹಣ ಮುಗಿದ ಮೇಲೆ ಇದು ಹೇಗೆ ನಡೆಯುತ್ತದೆ?’ ಅಂತ ಕೇಳಿದ್ದರು. ಸಿಟ್ಟು ಬಂತು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಸ್ಲೈಡು ಒಡೆದರೆ ಬೇರೆ ತರುವವರು ಯಾರು?

ಮೈಕ್ರೋಸ್ಕೋಪ್ ಬಂದಿದೆ! ದಾನಿಗಳಿಗೆ ಮಕ್ಕಳ ಕೈಲೇ ಧನ್ಯವಾದ ಬರೆಸುವುದು ಇಲ್ಲಿಯ ರೂಢಿ. ‘ಈರುಳ್ಳಿ ಸಿಪ್ಪೆಯೊಳಗೆ ಇಟ್ಟಿಗೆ ಗೋಡೆ ಇದೆ, ಇಷ್ಟು ದಿನ ಯಾರೂ ಹೇಳಿರಲಿಲ್ಲ’ ಅಂತ ಒಬ್ಬ ಬರೆದಿದ್ದಾನೆ. ನಾನು ತಿದ್ದಲಿಲ್ಲ.

ಇದನ್ನೇ ನೀವು ಭಿಕ್ಷೆ ಅಂದರೆ ನನಗೆ ಬೇಜಾರು. ಹೆಡ್‌ಮಾಸ್ಟರ್ ಆಗಿದ್ದಾಗ ನೀವು ಹಳೇ ವಿದ್ಯಾರ್ಥಿಗಳ ಮನೆ ಬಾಗಿಲಿಗೆ ಹೋಗಿ ಫ್ಯಾನ್ ತರಲಿಲ್ವಾ? ರೆಕ್ಕೆ ಮೇಲೆ ‘ದಾನಿಗಳು’ ಅಂತ ಹೆಸರು ಬರೆಸಿದ್ದಿರಿ. ತಿರುಗುವಾಗ ಯಾರಿಗೂ ಕಾಣುತ್ತಿರಲಿಲ್ಲ! ಅಕ್ಕನ ಶಾಲೆಯಲ್ಲಿ ಈಗಲೂ ಅದೇ ಕಥೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ. ಮಕ್ಕಳು ಕಡಿಮೆಯಾದರೆ ಅದೂ ಕಡಿಮೆ. ಎಸ್‌ಡಿಎಂಸಿ ಅನ್ನುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿ, ವೋಚರ್ ಇಟ್ಟು, ಕೊನೆಗೆ ಸಾಲದ್ದಕ್ಕೆ ದಾನಿಗಳನ್ನೇ ಹುಡುಕಬೇಕು. ನೀವು ಮಾಡಿದರೆ ಸೇವೆ, ನಾನು ಮಾಡಿದರೆ ಭಿಕ್ಷೆಯಾ?

ಸ್ವಲ್ಪ ಕೈಯಿಂದ ಹಾಕುವುದೂ ಇದೆ, ಸುಳ್ಳು ಹೇಳುವುದಿಲ್ಲ. ಟೀಚರುಗಳು ಜೇಬಿನಿಂದ ಖರ್ಚು ಮಾಡುವುದು ಇಲ್ಲಿ ಎಷ್ಟು ಮಾಮೂಲು ಅಂದರೆ ಆದಾಯ ತೆರಿಗೆಯಲ್ಲೇ ಅದಕ್ಕೆ ವಿನಾಯಿತಿ ಇಟ್ಟಿದ್ದಾರೆ. ಮೊದಲು 250 ಡಾಲರ್ ಇತ್ತು, 2022ರಲ್ಲಿ 300 ಆಯಿತು. ನನ್ನದು ಅದಕ್ಕಿಂತ ಜಾಸ್ತಿ ಆಗಿಲ್ಲ. ಆಗಿದ್ದರೂ ಬಹಳ ಆಗಿಲ್ಲ. ಇದೊಂದು ಸಾಲು ಅಮ್ಮನಿಗೆ ಓದಬೇಡಿ.

ಅಮ್ಮನ ಆಪರೇಷನ್ ದುಡ್ಡು ಬೇರೆ ಇಟ್ಟಿದ್ದೇನೆ, ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನಾನು ಕಳಿಸಿದ ಈ ತಿಂಗಳ ದುಡ್ಡನ್ನು ವಾಪಸ್ ಕಳಿಸುತ್ತೇನೆ ಅಂತ ಮಾತ್ರ ಬರೆಯಬೇಡಿ. ನನಗೇನೂ ಕೊರತೆ ಇಲ್ಲ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಬಾಡಿಗೆ ಕಟ್ಟಿದ್ದೇನೆ, ಕೋಟು ಕೂಡ ಹೊಸದು. ಪೊರೆ ಬಲಿಯಲಿ ಅಂತ ಕಾಯುವ ಕಾಲ ಹೋಯಿತು. ಡಾಕ್ಟರ ಹತ್ತಿರ ಹೋಗಿ ದಿನ ಗೊತ್ತು ಮಾಡಿ. ಅಕ್ಕನೂ ಜೊತೆಗೆ ಹೋಗಲಿ.

ಇನ್ನೊಂದು ಅರ್ಜಿಗೆ ಇವತ್ತೇ ಕೊನೇ ದಿನ, ಬಜೆಟ್ ಇನ್ನೂ ಕೂಡಿಲ್ಲ. ಅಜ್ಜಿಗೆ ನಮಸ್ಕಾರ, ಪುಟ್ಟಿಗೆ ಮುದ್ದು. ದಿನ ಗೊತ್ತಾದ ತಕ್ಷಣ ಮೆಸೇಜ್ ಮಾಡಿ.

ನಿಮ್ಮ
ಸುಧಾ