ಸಿದ್ಧರಬೆಟ್ಟದ ಬುಡದಲ್ಲಿ ಸಿಕ್ಕಿದ ಅಜ್ಜಿಗೆ

ಅಜ್ಜಿ, ಅವತ್ತು ನಿಮ್ಮ ಹೆಸರು ಕೇಳಲಿಲ್ಲ. 9 ವರ್ಷದ ಹುಡುಗನಿಗೆ ಅದು ಹೊಳೆಯಲೂ ಇಲ್ಲ.

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ‘ಇನ್ನು ನಮ್ಮ ಕೈಲಿಲ್ಲ’ ಅಂದದ್ದು ಬಾಗಿಲ ಹಿಂದಿದ್ದ ನನಗೂ ಕೇಳಿಸಿತ್ತು. ಹನುಮಂತ ಸಂಜೀವಿನಿ ತಂದ, ಗರುಡ ತಾಯಿಯ ದಾಸ್ಯ ಬಿಡಿಸಲು ದೇವಲೋಕಕ್ಕೇ ಹಾರಿ ಅಮೃತ ತಂದ; ನಾನು ಕೊರಟಗೆರೆ ಬಸ್ಸು ಹತ್ತಲಾರೆನೇ? ಸಿದ್ಧರಬೆಟ್ಟದಲ್ಲಿ ಇಲ್ಲದ ಮೂಲಿಕೆಯಿಲ್ಲ ಅಂತ ಊರವರೆಲ್ಲ ಹೇಳುತ್ತಿದ್ದರು. ಹುಂಡಿಯ ಚಿಲ್ಲರೆ, ಅಪ್ಪನ ಟಾರ್ಚು, ಎರಡು ಬಾಳೆಹಣ್ಣು. ರಾಕ್ಷಸರು ಅಡ್ಡ ಬಂದರೆ ಇರಲಿ ಅಂತ ಒಂದು ಕೋಲು.

ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ನೀವು ನಗಲಿಲ್ಲ, ಗದರಲಿಲ್ಲ. ಪೂರ್ತಿ ಕೇಳಿದಿರಿ. ಒಣಗಿ ಮುಷ್ಟಿಯಂತೆ ಮುದುಡಿದ್ದ ಗಿಡವೊಂದನ್ನು ಕೈಗಿಟ್ಟು, ‘ಸಂಜೀವಿನಿ ಅಂತಾರೆ ಮಗಾ. ಸಾವು ನಿಲ್ಸೋದು ನಂಗೊತ್ತಿಲ್ಲ. ನೀರಲ್ಲಿಡು, ನಿಮ್ಮಪ್ಪಂಗೆ ಕಾಣೋ ಹಂಗೆ’ ಅಂದಿರಿ. ದುಡ್ಡು ಮುಟ್ಟಲಿಲ್ಲ. ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ವ್ಯಾಪಾರ ಬಿಟ್ಟು, ನನ್ನನ್ನು ಮನೆ ಬಾಗಿಲ ತನಕ ತಂದು ಬಿಟ್ಟಿರಿ. ಅಮ್ಮ ನನ್ನನ್ನು ತಬ್ಬಿ ಅಳುವಷ್ಟರಲ್ಲಿ ಹೊರಟೇಹೋಗಿದ್ದಿರಿ. ನಿಮಗೆ ಕೈಮುಗಿಯುವುದು ಅವತ್ತಿನಿಂದ ಬಾಕಿ ಇತ್ತು.

ಅದು ಸೆಲಾಜಿನೆಲ್ಲ ಜಾತಿಯ ಗಿಡ, ಎಷ್ಟು ಒಣಗಿದ್ದರೂ ನೀರು ಸೋಕಿದರೆ ಕೆಲವೇ ಗಂಟೆಗಳಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಕಾಲೇಜಿನಲ್ಲಿ ತಿಳಿಯಿತು. ಅವತ್ತು ಗೊತ್ತಿರಲಿಲ್ಲ. ಹಾಸಿಗೆ ಪಕ್ಕದ ಹಿತ್ತಾಳೆ ಬಟ್ಟಲಲ್ಲಿ ಅದು ಮೆಲ್ಲಮೆಲ್ಲನೆ ಹಸಿರಾಗುವುದನ್ನು ಅಪ್ಪ, ನಾನು ರಾತ್ರಿಯೆಲ್ಲ ಎಚ್ಚರವಿದ್ದು ನೋಡಿದೆವು. ‘ನೀನೇ ತಂದಿದ್ದಾ?’ ಅಂತ ಅಪ್ಪ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಹೂಂ ಅಂದೆ.

11ನೇ ದಿನ ಹೋದರು. ಬಟ್ಟಲು ಅಲ್ಲೇ ಇತ್ತು. ಆ ರಾತ್ರಿ ನನಗೆ ಕೊಟ್ಟದ್ದು ನೀವು, ಅಜ್ಜಿ.