ಹಣ ನಮ್ಮದು, ಹೆಸರು ಅವರದು

ಹೋದ ತಿಂಗಳು ಸಂಘದ ಸಭೆ ಮುಗಿದು ಎಲ್ಲರೂ ಕುರ್ಚಿ ಮಡಚಿಡುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಒಂದು ನೀಲಿ ಕಡತವನ್ನು ನನ್ನ ಕೈಗಿಟ್ಟು, "ಇದರಲ್ಲಿ ನನ್ನದು ಎನ್ನುವಂಥದ್ದು ಏನಾದರೂ ಇದೆಯೇ, ನೋಡಿ ಹೇಳಿ" ಎಂದರು. ನಾನು ವಕೀಲನಲ್ಲ. ಪತ್ರಿಕೆಯ ಸಂಪಾದಕನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಸಂಘದಲ್ಲಿ ಹೇಗೋ ಬೇರೂರಿದೆ. ಮನೆಗೆ ಒಯ್ದು ರಾತ್ರಿ ಕುಳಿತು ಓದಿದೆ.

ಹನ್ನೆರಡು ವರ್ಷಗಳ ಹಿಂದೆ ಪರದೇಶದಲ್ಲಿ, ಅಲ್ಲಿಯವರೇ ಆದ ಗೆಳೆಯರೊಬ್ಬರ ಜೊತೆ ಸೇರಿ ಕೊಂಡ ಜಮೀನಿನ ಕಾಗದಗಳವು. ಬೇಲಿಯ ಪಕ್ಕ ಇಬ್ಬರೂ ನಿಂತು ತೆಗೆಸಿಕೊಂಡ ಫೋಟೊ, ಬಾವಿ ತೋಡಿಸಿದ ಲೆಕ್ಕ, ಪ್ರತಿವರ್ಷದ ತೆರಿಗೆ ರಸೀದಿ, ಇಬ್ಬರಿಗೂ ಅರ್ಧರ್ಧ ಪಾಲು ಎಂದು ಗೆಳೆಯರು ಕೈಯಾರೆ ಬರೆದುಕೊಟ್ಟ ಒಂದು ಹಾಳೆ. ತೆರಿಗೆ ರಸೀದಿಯಲ್ಲಿ ಗೆಳೆಯರ ಹೆಸರು. ಹಕ್ಕುಪತ್ರದ ನಕಲಿನಲ್ಲಿಯೂ ಗೆಳೆಯರ ಹೆಸರು. ನಮ್ಮ ಸದಸ್ಯರ ಹೆಸರು ಆ ಕೈಬರಹದ ಹಾಳೆಯನ್ನು ಬಿಟ್ಟರೆ ಕಂಡದ್ದು ಒಂದೇ ಕಡೆ: ಹಣ ಕಳಿಸಿದ ಬ್ಯಾಂಕಿನ ಚೀಟಿಯಲ್ಲಿ.

ಗೆಳೆಯರು ಮೋಸ ಮಾಡಲಿಲ್ಲ. ಹನ್ನೆರಡು ವರ್ಷವೂ ಲೆಕ್ಕ ಒಪ್ಪಿಸಿದರು, ಬೆಳೆ ಬಂದಾಗ ಪಾಲು ಕಳಿಸಿದರು. ಆಮೇಲೆ ಒಂದು ದಿನ ಹೃದಯಾಘಾತದಿಂದ ತೀರಿಕೊಂಡರು. ಈಗ ಜಮೀನು ಅವರ ಹೆಂಡತಿ ಮಕ್ಕಳದು. ಅವರೂ ಕೆಟ್ಟವರಲ್ಲ. ನಮ್ಮವರು ಫೋನ್ ಮಾಡಿದಾಗ ಆಕೆ ಮರ್ಯಾದೆಯಿಂದಲೇ ಕೇಳಿದರಂತೆ: "ತಾವು ಯಾರು ಎಂದು ಗೊತ್ತಾಗಲಿಲ್ಲ."

ವಿದೇಶದಲ್ಲಿ ಜಮೀನು ಕೊಳ್ಳುವ ಮಾತು ಬಂದಾಗಲೆಲ್ಲ ನಾವು ಕೇಳುವುದು ಒಂದೇ ಪ್ರಶ್ನೆ: ಪಾಲುದಾರ ನಂಬಿಗಸ್ಥನೇ? ನನಗೆ ಈ ಪ್ರಶ್ನೆಯೇ ತಪ್ಪು ಎನಿಸುತ್ತದೆ. ನಂಬಿಗಸ್ಥನೂ ಸಾಯುತ್ತಾನೆ, ಸಾಲ ಮಾಡುತ್ತಾನೆ, ವಿಚ್ಛೇದನ ಪಡೆಯುತ್ತಾನೆ. ಅವನಿಗೆ ಸಾಲ ಕೊಟ್ಟವನಿಗೆ, ಅವನನ್ನು ಬಿಟ್ಟುಹೋಗುವ ಹೆಂಡತಿಗೆ, ಅವನ ವಾರಸುದಾರರಿಗೆ ನಮ್ಮ ಸ್ನೇಹದ ಹಂಗಿಲ್ಲ. ಹಾಗಾಗಿ ಕೇಳಬೇಕಾದದ್ದು ಇದು: ಈತ ನಾಳೆ ಇಲ್ಲವಾದರೆ ನೋಂದಣಿ ಕಚೇರಿಯ ಪುಸ್ತಕದಲ್ಲಿ ನನ್ನ ಹೆಸರಿಗೆ ಏನು ಉಳಿಯುತ್ತದೆ?

ಎಷ್ಟೋ ದೇಶಗಳಲ್ಲಿ ಇದಕ್ಕೆ ಉತ್ತರ "ಏನೂ ಇಲ್ಲ" ಎಂದೇ. ಏಕೆಂದರೆ ಪರದೇಶಿಯರಿಗೆ ಭೂಮಿಯ ಒಡೆತನವನ್ನೇ ಅಲ್ಲಿನ ಕಾನೂನು ಕೊಡುವುದಿಲ್ಲ. ಫಿಲಿಪ್ಪೀನ್ಸಿನಲ್ಲಿ 1987ರ ಸಂವಿಧಾನವೇ ಅಡ್ಡ ನಿಂತಿದೆ. ಇಂಡೊನೇಷ್ಯಾದಲ್ಲಿ 1960ರ ಭೂ ಕಾಯ್ದೆಯ ಪ್ರಕಾರ ಪೂರ್ಣ ಒಡೆತನ ಆ ದೇಶದ ಪ್ರಜೆಗಳಿಗೆ ಮೀಸಲು; ಸುತ್ತುಬಳಸಿ ಪರದೇಶಿಗೆ ದಾಟಿಸಿದರೆ ವ್ಯವಹಾರ ಅಸಿಂಧುವಾಗಿ ಭೂಮಿ ಸರ್ಕಾರಕ್ಕೆ ಸೇರುತ್ತದೆ. ಥಾಯ್ಲೆಂಡಿನಲ್ಲಿಯೂ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇದೇ ಕಥೆ. ಆಗ ಯಾರಾದರೂ ಕಿವಿಯಲ್ಲಿ ಹೇಳುತ್ತಾರೆ: "ಸ್ಥಳೀಯನೊಬ್ಬನ ಹೆಸರಿಗೆ ಮಾಡಿಸಿ, ಪಕ್ಕದಲ್ಲಿ ಒಂದು ಕರಾರು ಬರೆಸಿಕೊಳ್ಳಿ, ಎಲ್ಲರೂ ಮಾಡುವುದೇ ಹೀಗೆ." ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಬೇನಾಮಿ. ಪರದೇಶದಲ್ಲಿ ಮಾಡಿದರೆ ಅದು ಹೂಡಿಕೆ ಆಗಿಬಿಡುವುದಿಲ್ಲ. ಪಕ್ಕದ ಕರಾರು ಗುಟ್ಟಾಗಿರುವಷ್ಟು ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ. ಕಷ್ಟ ಬಂದು ನ್ಯಾಯಾಲಯದ ಮುಂದೆ ಹರಡಿದ ದಿನ ಅದೇ ನಮ್ಮ ತಪ್ಪೊಪ್ಪಿಗೆ.

ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪೊಂದಿದೆ. ವಿದೇಶಿ ಪತಿಯೊಬ್ಬರು ತಂದೆತಾಯಿಯಿಂದ ಬಂದ ಮನೆಯನ್ನು ತಮ್ಮ ದೇಶದಲ್ಲಿ ಮಾರಿ, ಆ ಹಣದಿಂದ ಹೆಂಡತಿಯ ಹೆಸರಿನಲ್ಲಿ ಜಮೀನು ಕೊಂಡಿದ್ದರು. ದಾಂಪತ್ಯ ಮುರಿದಾಗ ಜಮೀನು ಬೇಡ, ಹಾಕಿದ ಹಣವನ್ನಾದರೂ ಕೊಡಿಸಿ ಎಂದರು. ನಿಷೇಧ ಇದೆ ಎಂದು ತಿಳಿದೂ ಕೊಂಡವರು ನ್ಯಾಯದ ಹೆಸರಿನಲ್ಲಿ ಹಣ ಕೇಳುವಂತಿಲ್ಲ ಎಂದಿತು ನ್ಯಾಯಾಲಯ. ಹೆಂಡತಿಯ ಹೆಸರಿಗೇ ಈ ಗತಿಯಾದರೆ ಗೆಳೆಯನ ಮಾತು ಬಿಡಿ.

ಕಂಪನಿ ಮಾಡಿ ಅದರ ಹೆಸರಿಗೆ ಕೊಳ್ಳೋಣ ಎನ್ನುವವರಿಗೆ ಕೀನ್ಯಾದ ಉದಾಹರಣೆ ಸಾಕು. ಅಲ್ಲಿನ 2010ರ ಸಂವಿಧಾನದಂತೆ ಕಂಪನಿಯನ್ನು ಸ್ಥಳೀಯ ಎಂದು ಎಣಿಸಬೇಕಾದರೆ ಅದು ಪೂರ್ತಿಯಾಗಿ ಪ್ರಜೆಗಳ ಕೈಯಲ್ಲಿರಬೇಕು. ಪರದೇಶಿಗೆ ಒಂದು ಪಾಲಿದ್ದರೂ ಸಿಗುವುದು ಹೆಚ್ಚೆಂದರೆ 99 ವರ್ಷದ ಗುತ್ತಿಗೆ. ಇನ್ನೊಂದು ಮಾತನ್ನು ನಾವು ಆಡುವುದೇ ಇಲ್ಲ. ಹೆಸರು ಎರವಲು ಕೊಟ್ಟವನಿಗೂ ಅಪಾಯವಿದೆ. ಫಿಲಿಪ್ಪೀನ್ಸಿನ 1936ರ ಕಾಯ್ದೆ ಇಂಥ ಕೈಗೊಂಬೆ ವ್ಯವಹಾರಕ್ಕೆ 5ರಿಂದ 15 ವರ್ಷ ಸೆರೆವಾಸ ಹೇಳುತ್ತದೆ. ನಮ್ಮ ತೋಟದ ಆಸೆಗೆ ಇನ್ನೊಬ್ಬರ ಮನೆಯ ಯಜಮಾನನಿಂದ ಸುಳ್ಳು ಸಹಿ ಹಾಕಿಸಿ, ಆಮೇಲೆ ಅವನ ಪ್ರಾಮಾಣಿಕತೆಯನ್ನು ಅಳೆಯುತ್ತ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ, ಆದರೆ ಅದು ಒಡೆತನಕ್ಕಿಂತ ಕಡಿಮೆಯದು, ಮತ್ತು ನಮಗೆ ಅಷ್ಟು ಸಾಕಾಗುವುದಿಲ್ಲ ಎಂಬುದೇ ತೊಂದರೆ. ಮೆಕ್ಸಿಕೊದಲ್ಲಿ ಕಡಲತೀರದಿಂದ 50 ಕಿಲೊಮೀಟರ್, ಗಡಿಯಿಂದ 100 ಕಿಲೊಮೀಟರ್ ಒಳಗಿನ ಭೂಮಿಯನ್ನು ಪರದೇಶಿ ನೇರವಾಗಿ ಕೊಳ್ಳುವಂತಿಲ್ಲ. ಮನೆ ಕಟ್ಟಿಕೊಳ್ಳುವುದಾದರೆ ಬ್ಯಾಂಕೊಂದು ಟ್ರಸ್ಟಿನ ಮೂಲಕ 50 ವರ್ಷದ ಮಟ್ಟಿಗೆ ಅವನ ಪರವಾಗಿ ಹಿಡಿದಿಟ್ಟುಕೊಳ್ಳುತ್ತದೆ, ಅವಧಿಯನ್ನು ನವೀಕರಿಸಬಹುದು. ಥಾಯ್ಲೆಂಡಿನಲ್ಲಿ ವಸತಿಯ ಜಮೀನಿಗೆ 30 ವರ್ಷದ ಗುತ್ತಿಗೆ ಉಂಟು, ಜೀವಿತಾವಧಿಯ ಅನುಭೋಗದ ಹಕ್ಕೂ, ಅಂದರೆ ಬದುಕಿರುವವರೆಗೆ ಇನ್ನೊಬ್ಬರ ಜಮೀನನ್ನು ಬಳಸಿ ಫಲ ಪಡೆಯುವ ಹಕ್ಕೂ ಉಂಟು. ನೋಂದಣಿಯಾಗಿದ್ದರೆ ಜಮೀನಿನ ಮಾಲೀಕ ಸತ್ತರೂ ಮಾರಿದರೂ ಇವೆರಡೂ ಅಳಿಸಿಹೋಗುವುದಿಲ್ಲ. ಮೂರು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸದೆ ಬಿಟ್ಟರೆ ಮಾತ್ರ ಅದು ನಿಲ್ಲುವುದು ಮೂರೇ ವರ್ಷ. "ಮೂವತ್ತು, ಮತ್ತೆ ಮೂವತ್ತು, ಮತ್ತೆ ಮೂವತ್ತು" ಎಂದು ದಲ್ಲಾಳಿ ಎಣಿಸಿದರೆ ಮೊದಲ ಮೂವತ್ತನ್ನಷ್ಟೇ ಕಿವಿಗೆ ಹಾಕಿಕೊಳ್ಳಿ; ಉಳಿದದ್ದು ಇಂದಿನ ಮಾಲೀಕನ ಮಾತು, ಜಮೀನು ಕೈಬದಲಾದರೆ ಹೊಸಬರನ್ನು ಅದು ಕಟ್ಟಿಹಾಕುವುದಿಲ್ಲ.

ಕಾಗದವನ್ನು ತಿರುಗಿಸಿ ನೋಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಥಾಯ್ಲೆಂಡಿನ ಪೂರ್ಣ ಹಕ್ಕುಪತ್ರದ ನೆತ್ತಿಯ ಮೇಲೆ ಆ ದೇಶದ ಲಾಂಛನವಾದ ಗರುಡ ಕೆಂಪು ಬಣ್ಣದಲ್ಲಿರುತ್ತಾನೆ. ಹಸಿರು ಗರುಡ, ಕಪ್ಪು ಗರುಡ ಬೇರೆ ದರ್ಜೆಯವು, ಅವುಗಳ ಬಲ ಕಡಿಮೆ. ಕೊಳ್ಳುವವರು ಗರುಡನನ್ನು ಕಂಡು ಸಂತೋಷಪಟ್ಟು ಅಲ್ಲಿಗೇ ನಿಲ್ಲುತ್ತಾರೆ. ಜಮೀನಿನ ಜಾತಕ ಇರುವುದು ಹಾಳೆಯ ಹಿಂಬದಿಯಲ್ಲಿ: ಯಾರಿಂದ ಯಾರಿಗೆ ದಾಟಿತು, ಅಡಮಾನ ಬಿದ್ದಿದೆಯೇ, ಗುತ್ತಿಗೆ ಇದೆಯೇ, ಸಾಲುಸಾಲಾಗಿ. ಇನ್ನೊಂದು ಪ್ರತಿ ಭೂ ಕಚೇರಿಯಲ್ಲಿರುತ್ತದೆ. ಎರಡೂ ತಾಳೆಯಾಗಬೇಕು, ಮತ್ತು ತಾಳೆ ನೋಡುವವರು ನಿಮ್ಮ ವಕೀಲರಾಗಿರಬೇಕು. ಮಾರುವವರ ವಕೀಲರಲ್ಲ, ಪಾಲುದಾರರ ಭಾವಮೈದುನರೂ ಅಲ್ಲ.

ಉಳಿದವು ಎಲ್ಲೆಡೆ ಒಂದೇ. ಅಧಿಕಾರಪತ್ರ ಕೊಡುವುದಾದರೆ ಒಂದೇ ಕೆಲಸಕ್ಕೆ, ಕೊನೆಯ ದಿನಾಂಕ ಬರೆದು ಕೊಡಿ. ಹಣ ಪಾಲುದಾರರ ಸ್ವಂತ ಖಾತೆಯ ಮೂಲಕ ಹಾದುಹೋಗುವುದು ಬೇಡ. ಬ್ಯಾಂಕಿನ ಮೂಲಕ ಕಳಿಸಿದ ದಾಖಲೆ ನಿಮ್ಮಲ್ಲಿದ್ದರೆ ಮುಂದೆ ಆ ಹಣವನ್ನು ಹಿಂದಕ್ಕೆ ತರುವಾಗ ಉಪಯೋಗಕ್ಕೆ ಬರುತ್ತದೆ. ಕರಾರು ಎರಡು ಭಾಷೆಯಲ್ಲಿದ್ದರೆ ಯಾವುದು ಅಂತಿಮ ಎಂಬ ಸಾಲನ್ನು ಹುಡುಕಿ ಓದಿ. ಸರ್ವೆ ಕಲ್ಲುಗಳನ್ನು ಸ್ವತಃ ನಡೆದು ನೋಡಿ, ರಸ್ತೆಯಿಂದ ಜಮೀನಿಗೆ ಹೋಗುವ ದಾರಿ ಯಾರದು ಎಂದು ಕೇಳಿ, ಈಗ ಅಲ್ಲಿ ಉಳುತ್ತಿರುವವರು ಯಾರು ಎಂದೂ ಕೇಳಿ. ಪಾಲುದಾರರು ಬೇಡವೆಂದಲ್ಲ, ಖಂಡಿತ ಬೇಕು. ಭಾಷೆ, ನೆರೆಹೊರೆ, ಕಚೇರಿಯ ಗುಮಾಸ್ತರ ಮರ್ಜಿ ಅವರಿಗೆ ಗೊತ್ತು. ಅವರ ಆ ಶ್ರಮಕ್ಕೆ ಸಂಬಳವನ್ನೋ ಪಾಲನ್ನೋ ಬರವಣಿಗೆಯಲ್ಲಿ ಕೊಡಿ.

ನೀಲಿ ಕಡತವನ್ನು ಹಿಂತಿರುಗಿಸುವಾಗ ಆ ಸದಸ್ಯರಿಗೆ ನಾನು ಹೇಳಿದ್ದು ಇಷ್ಟೇ: ಅಲ್ಲಿನ ವಕೀಲರೊಬ್ಬರನ್ನು ಹಿಡಿಯಿರಿ, ಮಾಲೀಕತ್ವದ ಮಾತನ್ನು ಬಿಟ್ಟು ಗುತ್ತಿಗೆ ಕೇಳಿ. ಮೊನ್ನೆ ಫೋನ್ ಮಾಡಿದ್ದರು. ಗೆಳೆಯರ ಹೆಂಡತಿ ಒಪ್ಪಿದ್ದಾರಂತೆ, ನೋಂದಣಿಗೂ ಸಿದ್ಧರಂತೆ. ವರ್ಷಕ್ಕೆ ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದಾರೆ.